ಡರ್ಬಿ ಊಟಕ್ಕೆ ಹಿಂದಿನ ದಿನವೇ ಒಲೆ ಹಚ್ಚಬೇಕು

ಮಾನ್ಯರೇ,

ಕೆಂಟಕಿ ಡರ್ಬಿ ಎಂಬ ಕುದುರೆ ಓಟ ನೋಡಲು ಮನೆಯಲ್ಲಿ ನಾಲ್ಕು ಜನರನ್ನು ಸೇರಿಸುವವರಿಗಾಗಿ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಅಡುಗೆ ಪುಟವನ್ನು ಓದಿದೆವು. ಅಮೆರಿಕದ ದಕ್ಷಿಣ ಸೀಮೆಯ ಊಟದ ಬಗ್ಗೆ ಕನ್ನಡದಲ್ಲಿ ಬರುವುದೇ ಅಪರೂಪ, ಹಾಗಾಗಿ ಸಂತೋಷವಾಯಿತು. ಆದರೆ ಅಲ್ಲಿ ಮುಖ್ಯವಾಗಿ ಕೊಟ್ಟಿದ್ದ ಗಂಬೊ ಎಂಬ ಗಟ್ಟಿ ಸಾರು, ಜಂಬಲಾಯ ಎಂಬ ಅನ್ನದ ಅಡುಗೆ ಎರಡೂ ಲೂಯಿಸಿಯಾನ ರಾಜ್ಯದವು. ಡರ್ಬಿ ನಡೆಯುವುದು ಕೆಂಟಕಿಯ ಲೂಯಿವಿಲ್ ನಗರದಲ್ಲಿ, ಚರ್ಚಿಲ್ ಡೌನ್ಸ್ ಮೈದಾನದಲ್ಲಿ, 1875ರಿಂದ ಒಂದು ವರ್ಷವೂ ತಪ್ಪದೆ. ಆ ಊರಿಗೆ ಅದರದೇ ಆದ ಊಟವಿದೆ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಅತಿಥಿಗಳು ಬಂದ ಮೇಲೆ ಎಲ್ಲವನ್ನೂ ಬಿಸಿಬಿಸಿಯಾಗಿ ಮಾಡಿ ಬಡಿಸಿ ಎಂದು ಆ ಪುಟ ಹೇಳಿತ್ತು. ಡರ್ಬಿ ಒಂದೂಕಾಲು ಮೈಲಿಯ ಓಟ, ಮುಗಿಯುವುದಕ್ಕೆ ಎರಡು ನಿಮಿಷ ಸಾಕು. 1973ರಲ್ಲಿ ಸೆಕ್ರೆಟೇರಿಯಟ್ ಎಂಬ ಕುದುರೆ ಓಡಿದ 1 ನಿಮಿಷ 59.4 ಸೆಕೆಂಡು ಇಂದಿಗೂ ದಾಖಲೆ. ಒಲೆಯ ಮುಂದೆ ನಿಂತವರಿಗೆ ಆ ಎರಡು ನಿಮಿಷ ಮತ್ತೆ ಸಿಗುವುದಿಲ್ಲ. ಲೂಯಿವಿಲ್‌ನ ಮನೆಗಳಲ್ಲಿ ಡರ್ಬಿಯ ಮೇಜು ಹೆಚ್ಚುಪಾಲು ತಣ್ಣನೆಯ ಮೇಜಾಗಿರುವುದಕ್ಕೆ ಇದೇ ಕಾರಣ. ಓಟ ಶನಿವಾರ, ಶುಕ್ರವಾರವೇ ಅಡುಗೆಯ ಬಹುಪಾಲು ಮುಗಿದಿರುತ್ತದೆ. ಕೊನೆಯ ಗಳಿಗೆಗೆ ಉಳಿಸಿಕೊಳ್ಳಬೇಕಾದವು ಎರಡೇ: ಮಿಂಟ್ ಜೂಲೆಪ್ ಎಂಬ ಪಾನೀಯ ಮತ್ತು ಹಾಟ್ ಬ್ರೌನ್ ಎಂಬ ಬಿಸಿ ಸ್ಯಾಂಡ್‌ವಿಚ್. ಬೇರೆ ಹೇಳದಿದ್ದಲ್ಲಿ ಕೆಳಗಿನ ಅಳತೆಗಳೆಲ್ಲ ಹನ್ನೆರಡು ಜನರಿಗೆ.

ಜೂಲೆಪ್‌ನಿಂದಲೇ ಶುರು ಮಾಡುತ್ತೇವೆ, ಏಕೆಂದರೆ ಹೆಚ್ಚು ಕೆಡುವುದು ಅದೇ. 1930ರ ದಶಕದ ಕೊನೆಯಿಂದ ಅದು ಚರ್ಚಿಲ್ ಡೌನ್ಸ್‌ನ ಅಧಿಕೃತ ಪಾನೀಯ. ಅದರಲ್ಲಿರುವುದು ಬರ್ಬನ್ ಎಂಬ ಅಮೆರಿಕದ ವಿಸ್ಕಿ, ಸಕ್ಕರೆ, ಪುದೀನ, ಐಸ್ ಮಾತ್ರ. ನಿಂಬೆರಸವಾಗಲಿ ಸೋಡಾ ಆಗಲಿ ಸೇರುವುದಿಲ್ಲ. ನಿಮ್ಮ ಪುಟದಲ್ಲಿ ಪುದೀನವನ್ನು ಸಕ್ಕರೆಯ ಜೊತೆ ಕುಟ್ಟಿ ನುಣ್ಣಗೆ ಮಾಡಲು ಹೇಳಲಾಗಿತ್ತು. ಹಾಗೆ ಮಾಡಿದರೆ ಎಲೆ ಹರಿದು ಒಳಗಿನ ಕಹಿ ಹಸಿರು ರಸ ಬಿಡುತ್ತದೆ, ಚೂರುಗಳು ಹಲ್ಲಿಗೂ ಸ್ಟ್ರಾಗೂ ಸಿಕ್ಕಿಕೊಳ್ಳುತ್ತವೆ. ಪುದೀನದ ಪರಿಮಳದ ಎಣ್ಣೆ ಇರುವುದು ಎಲೆಯ ಮೇಲ್ಮೈಯ ಸಣ್ಣ ಗ್ರಂಥಿಗಳಲ್ಲಿ. ಅದು ಹೊರಬರಲು ಮೆಲ್ಲಗೆ ಒತ್ತಿದರೆ ಸಾಕು.

ಗುಂಪಿಗೆ ಮಾಡುವಾಗ ಒತ್ತುವ ಕೆಲಸವನ್ನೂ ಬಿಟ್ಟು ಪಾಕದಲ್ಲೇ ಪುದೀನವನ್ನು ನೆನೆಹಾಕುವುದು ಒಳ್ಳೆಯದು. 250 ಗ್ರಾಂ ಸಕ್ಕರೆಗೆ 250 ಮಿ.ಲೀ. ನೀರು ಹಾಕಿ, ಸಕ್ಕರೆ ಕರಗಿ ಒಂದು ಕುದಿ ಬಂದ ಕೂಡಲೇ ಇಳಿಸಿ. ಎಳೆಪಾಕದವರೆಗೂ ಹೋಗಬಾರದು, ಗಟ್ಟಿ ಪಾಕ ಐಸಿನ ಚಳಿಗೆ ಲೋಟದ ತಳದಲ್ಲೇ ಕುಳಿತುಬಿಡುತ್ತದೆ. ಪಾಕ ಉಗುರುಬೆಚ್ಚಗಾದ ಮೇಲೆ ಎಂಟು-ಹತ್ತು ಪುದೀನ ಕಡ್ಡಿಗಳನ್ನು ಮುಳುಗಿಸಿ, ಮುಚ್ಚಿ, ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಸೋಸಿ. ಕುದಿಯುವ ಪಾಕಕ್ಕೆ ಹಾಕಿದರೆ ಪುದೀನ ಬೆಂದ ಸೊಪ್ಪಿನ ವಾಸನೆ ಹೊಡೆಯುತ್ತದೆ. ಇಷ್ಟರಿಂದ ಹತ್ತಿರ ಹತ್ತಿರ 400 ಮಿ.ಲೀ. ಪಾಕ ಬರುತ್ತದೆ. ತಲೆಗೆ ಎರಡರಂತೆ 24 ಜೂಲೆಪ್‌ಗೆ, ಲೋಟಕ್ಕೆ 15 ಮಿ.ಲೀ. ಲೆಕ್ಕದಲ್ಲಿ, 360 ಮಿ.ಲೀ. ಬೇಕು. ಬರ್ಬನ್ ಲೋಟಕ್ಕೆ 60 ಮಿ.ಲೀ., ಅಂದರೆ 750 ಮಿ.ಲೀ. ಬಾಟಲಿ ಎರಡು. ಐಸ್ ಮಾತ್ರ ಎಂಟು ಕಿಲೋಗೆ ಕಡಿಮೆ ತರಬೇಡಿ. ಒಂದೊಂದು ಲೋಟಕ್ಕೂ ಕಾಲು ಕಿಲೋ ಹಿಡಿಯುತ್ತದೆ, ಉಳಿದದ್ದು ಕಾಯುವಷ್ಟರಲ್ಲಿ ಕರಗುತ್ತದೆ.

ಬರ್ಬನ್ ಆರಿಸುವಾಗ ಲೇಬಲ್‌ನಲ್ಲಿ ಆಲ್ಕೋಹಾಲ್ ಪ್ರಮಾಣ ನೋಡಿ. ಕನಿಷ್ಠ 51 ಪ್ರತಿಶತ ಮೆಕ್ಕೆಜೋಳದಿಂದ ಇಳಿಸಿ, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಇಟ್ಟ ವಿಸ್ಕಿಗೆ ಮಾತ್ರ ಆ ಹೆಸರು. 40 ಪ್ರತಿಶತಕ್ಕಿಂತ ಕೆಳಗೆ ಇಳಿಸಿ ಬಾಟಲಿಗೆ ತುಂಬುವಂತಿಲ್ಲ. ಜೂಲೆಪ್‌ಗೆ 45ರಿಂದ 50 ಪ್ರತಿಶತದ್ದು ಬೇಕು. ಪುಡಿ ಐಸ್ ಬೇಗ ಕರಗುವುದರಿಂದ 40ರದ್ದು ಅರ್ಧ ಲೋಟಕ್ಕೇ ನೀರುನೀರಾಗುತ್ತದೆ. ಬಹಳ ವರ್ಷ ಪೀಪಾಯಿಯಲ್ಲಿದ್ದ ದುಬಾರಿ ಬಾಟಲಿಯನ್ನು ಇದಕ್ಕೆ ಒಡೆಯಬೇಡಿ, ಸಕ್ಕರೆ ಮತ್ತು ಪುದೀನದ ಅಡಿಯಲ್ಲಿ ಅದರ ರುಚಿ ಕಾಣುವುದೇ ಇಲ್ಲ.

ಲೋಟ ಲೋಹದ್ದೇ ಆಗಬೇಕು. ಬೆಳ್ಳಿಯದ್ದಿದ್ದರೆ ಸರಿ, ಇಲ್ಲದಿದ್ದರೆ ತೆಳುವಾದ ಸ್ಟೀಲ್ ಲೋಟ ಚೆನ್ನಾಗಿ ನಡೆಯುತ್ತದೆ. ಐಸ್ ಮತ್ತು ಮದ್ಯ ಸೇರಿದಾಗ ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುತ್ತದೆ. ಲೋಹ ಆ ಚಳಿಯನ್ನು ತಕ್ಷಣ ಹೊರಮೈಗೆ ಒಯ್ಯುವುದರಿಂದ ಗಾಳಿಯ ತೇವ ಅಲ್ಲಿ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ದಪ್ಪ ಗಾಜಿನಲ್ಲಿ ಹೀಗಾಗದು. ಲೋಟದ ಹೊರಮೈ ಒಣಗಿರಲಿ, ಹಿಡಿಯುವಾಗ ಅಂಚನ್ನು ಮಾತ್ರ ಹಿಡಿಯಿರಿ. ಅಂಗೈ ಬಿಸಿ ತಗುಲಿದ ಕಡೆ ಹೆಪ್ಪು ಕೂರುವುದಿಲ್ಲ. ಐಸನ್ನು ದಪ್ಪ ಕ್ಯಾನ್ವಾಸ್ ಚೀಲದಲ್ಲಿ ಹಾಕಿ ಮರದ ಸುತ್ತಿಗೆಯಿಂದ ಬಡಿಯಿರಿ, ಚೀಲ ನೀರನ್ನು ಹೀರಿಕೊಂಡು ಪುಡಿ ಒಣಗಿರುತ್ತದೆ. ಮಿಕ್ಸಿಗೆ ಹಾಕಿದರೆ ಒದ್ದೆ ಮುದ್ದೆ. ಪಾಕ, ಬರ್ಬನ್ ಹಾಕಿ, ಅರ್ಧ ಲೋಟ ಐಸ್ ತುಂಬಿ, ಹೊರಮೈ ಬೆಳ್ಳಗಾಗುವವರೆಗೆ ಕಲಕಿ, ಮೇಲೆ ಮತ್ತೆ ಗೋಪುರದಂತೆ ಐಸ್ ಒತ್ತಿ. ಎಳೆಯ ಪುದೀನ ಕುಡಿಯನ್ನು ಅಂಗೈ ಮೇಲಿಟ್ಟು ಒಮ್ಮೆ ತಟ್ಟಿ ಸಿಕ್ಕಿಸಿ. ಸ್ಟ್ರಾ ಪುದೀನದಷ್ಟೇ ಎತ್ತರಕ್ಕೆ ಕತ್ತರಿಸಿರಬೇಕು, ಕುಡಿಯುವವರ ಮೂಗು ಎಲೆಗೆ ತಾಗಿದರೇ ಅದು ಜೂಲೆಪ್. ನಮ್ಮ ಮಾರುಕಟ್ಟೆಯ ಪುದೀನ ಇದಕ್ಕೆ ಒಪ್ಪುತ್ತದೆ. ಪೆಪ್ಪರ್‌ಮಿಂಟ್ ಹಾಕಿದರೆ ಗಂಟಲ ಔಷಧಿಯ ವಾಸನೆ ಬರುತ್ತದೆ.

ಮದ್ಯ ಬೇಡದವರಿಗೆ ಅದೇ ಪಾಕವನ್ನು 20 ಮಿ.ಲೀ. ಹಾಕಿ ಜಿಂಜರ್ ಏಲ್ (ಶುಂಠಿ ಸೋಡಾ) ತುಂಬಬಹುದು. ದಕ್ಷಿಣದ ಮನೆಗಳಲ್ಲಿ ಸದಾ ಇರುವುದು ಸಿಹಿ ತಣ್ಣನೆಯ ಚಹಾ: ಒಂದು ಲೀಟರ್ ಕುದಿನೀರಿಗೆ 15 ಗ್ರಾಂ ಚಹಾ ಎಲೆ, ಐದು ನಿಮಿಷ, ಸೋಸಿ, ಬಿಸಿ ಇರುವಾಗಲೇ 200 ಗ್ರಾಂ ಸಕ್ಕರೆ ಕರಗಿಸಿ, ಒಂದು ಲೀಟರ್ ತಣ್ಣೀರು ಬೆರೆಸಿ. ಬಿಸಿಯಿರುವಂತೆಯೇ ಫ್ರಿಜ್‌ಗೆ ತಳ್ಳಿದರೆ ಚಹಾ ಮಬ್ಬಾಗುತ್ತದೆ, ಅದರ ಒಗರು ಅಂಶ ಮತ್ತು ಕೆಫೀನ್ ಒಂದಕ್ಕೊಂದು ಅಂಟಿಕೊಳ್ಳುವುದರಿಂದ. ಮಬ್ಬಾದರೆ ಸ್ವಲ್ಪ ಕುದಿನೀರು ಬೆರೆಸಿ, ತಿಳಿಯಾಗುತ್ತದೆ.

ಈಗ ತಣ್ಣನೆಯ ತಿಂಡಿಗಳಿಗೆ ಬರೋಣ. ಲೂಯಿವಿಲ್‌ನದೇ ಎನ್ನಬಹುದಾದ ಬೆನೆಡಿಕ್ಟೀನ್ ಸ್ಯಾಂಡ್‌ವಿಚ್ ನಿಮ್ಮ ಪುಟದಲ್ಲಿ ಇರಲೇ ಇಲ್ಲ. ಸಸ್ಯಾಹಾರಿ ಓದುಗರೇ ಹೆಚ್ಚಿರುವ ಪತ್ರಿಕೆಯಲ್ಲಿ ಮೊದಲು ಬರಬೇಕಾದದ್ದು ಅದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಆ ಊರಿನಲ್ಲಿ ಕೇಟರಿಂಗ್ ನಡೆಸುತ್ತಿದ್ದ ಜೆನ್ನಿ ಬೆನೆಡಿಕ್ಟ್ ಅವರ ಹೆಸರು ಅದಕ್ಕೆ ನಿಂತಿದೆ. 225 ಗ್ರಾಂ ಕ್ರೀಮ್ ಚೀಸನ್ನು ಹೊರಗಿಟ್ಟು ಮೆತ್ತಗಾಗಿಸಿ. ಸಿಪ್ಪೆ ತೆಗೆದ ಸೌತೆಕಾಯಿಯನ್ನು ತುರಿದು ತೆಳುಬಟ್ಟೆಯಲ್ಲಿ ಹಿಂಡಿದರೆ ಬರುವ ರಸ ಮೂರು ದೊಡ್ಡ ಚಮಚ, ಅದೇ ರೀತಿ ಈರುಳ್ಳಿ ರಸ ಒಂದು ದೊಡ್ಡ ಚಮಚ, ಅರ್ಧ ಸಣ್ಣ ಚಮಚ ಉಪ್ಪು, ಚಿಟಿಕೆ ಒಣಮೆಣಸಿನ ಪುಡಿ. ಫೋರ್ಕ್‌ನಿಂದ ಕಲಸಿ. ಮಿಕ್ಸಿಯಲ್ಲಿ ತಿರುಗಿಸಿದರೆ ಚೀಸ್ ಸಡಿಲಾಗಿ ಹರಿಯುತ್ತದೆ, ಮತ್ತೆ ಗಟ್ಟಿಯಾಗುವುದಿಲ್ಲ. ಹಳೆಯ ಕ್ರಮದಲ್ಲಿ ಎರಡು ಹನಿ ಹಸಿರು ಬಣ್ಣ ಹಾಕುತ್ತಾರೆ, ಬಿಟ್ಟರೂ ನಷ್ಟವಿಲ್ಲ.

ಇದರಲ್ಲಿ ಎಡವುವುದು ಬ್ರೆಡ್‌ನಲ್ಲಿ. ತೆಳ್ಳಗಿನ ಬಿಳಿ ಬ್ರೆಡ್‌ಗೆ ಮೊದಲು ಅಂಚಿನಿಂದ ಅಂಚಿಗೆ ಬೆಣ್ಣೆ ಸವರಿ, ಅದು ತೇವವನ್ನು ತಡೆಯುತ್ತದೆ. ಆಮೇಲೆ ಬೆನೆಡಿಕ್ಟೀನ್. ಸೌತೆಕಾಯಿ ಬಿಲ್ಲೆ ಒಳಗಿಡುವ ಆಸೆಯಿದ್ದರೆ ಉಪ್ಪು ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು ಒರೆಸಿ ಇಡಿ. ಅಂಚು ಕತ್ತರಿಸುವುದು ಹೂರಣ ತುಂಬಿದ ಮೇಲೆ, ಆಗ ನಾಲ್ಕೂ ಬದಿ ನೇರ ಬರುತ್ತದೆ. ಹಿಂಡಿದ ಒದ್ದೆ ಬಟ್ಟೆ ಮುಚ್ಚಿ ಫ್ರಿಜ್‌ನಲ್ಲಿಡಿ. ಮಿಶ್ರಣ ಶುಕ್ರವಾರವೇ ಆಗಲಿ, ಸ್ಯಾಂಡ್‌ವಿಚ್ ಕಟ್ಟುವುದು ಶನಿವಾರ, ಬಡಿಸುವುದಕ್ಕೆ ನಾಲ್ಕು ಗಂಟೆಯೊಳಗೆ. ಕ್ರೀಮ್ ಚೀಸ್ ಸಿಗದ ಊರಿನವರು ಅರ್ಧ ಕಿಲೋ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ರಾತ್ರಿ ಕಟ್ಟಿಹಾಕಿ ಮಾಡಬಹುದು. ಹುಳಿ ಸ್ವಲ್ಪ ಮುಂದಾಗುತ್ತದೆ, ಸೌತೆರಸವನ್ನು ಎರಡು ಚಮಚಕ್ಕೆ ಇಳಿಸಬೇಕಾಗುತ್ತದೆ.

ಬರ್ಗೂ ಕೆಂಟಕಿಯ ದೊಡ್ಡ ಹಂಡೆಯ ಸಾರು. ಓವೆನ್ಸ್‌ಬರೊ ಕಡೆ ಅದಕ್ಕೆ ಕುರಿ ಮಾಂಸ ಬೀಳಲೇಬೇಕು. ಒಂದು ಕಿಲೋ ಕುರಿ ಭುಜದ ಮಾಂಸವನ್ನು ನಾಲ್ಕು ಲೀಟರ್ ನೀರಿನಲ್ಲಿ ಒಂದೂವರೆ ಗಂಟೆ ಬೇಯಿಸಿ, ಅದಕ್ಕೇ ಮೂಳೆಸಮೇತ ಒಂದು ಕಿಲೋ ಕೋಳಿ ಹಾಕಿ ಇನ್ನೂ ಮುಕ್ಕಾಲು ಗಂಟೆ. ಮಾಂಸ ತೆಗೆದು, ಮೂಳೆ ಬಿಡಿಸಿ, ಎಳೆ ಎಳೆಯಾಗಿ ಬಿಡಿಸಿ ಮತ್ತೆ ಹಾಕಿ. ತರಕಾರಿಯ ಸರದಿ ಮುಖ್ಯ. ಮೊದಲು ಅರ್ಧ ಕಿಲೋ ಈರುಳ್ಳಿ, 300 ಗ್ರಾಂ ಹಸಿ ಡಬಲ್ ಬೀನ್ಸ್, ಅರ್ಧ ಕಿಲೋ ಆಲೂಗಡ್ಡೆ. ಅವು ಮೆತ್ತಗಾದ ಮೇಲಷ್ಟೇ 800 ಗ್ರಾಂ ಟೊಮೆಟೊ. ಹುಳಿ ಮೊದಲೇ ಬಿದ್ದರೆ ಕಾಳೂ ಆಲೂಗಡ್ಡೆಯೂ ಎಷ್ಟು ಹೊತ್ತು ಬೇಯಿಸಿದರೂ ಗಟ್ಟಿಯಾಗೇ ಉಳಿಯುತ್ತವೆ. ಮೆಕ್ಕೆಜೋಳದ ಕಾಳು 300 ಗ್ರಾಂ, ಬೆಂಡೆಕಾಯಿ 200 ಗ್ರಾಂ ಕೊನೆಯ ಅರ್ಧ ಗಂಟೆಗೆ. ಆಲೂಗಡ್ಡೆ ಬಿದ್ದ ಮೇಲೆ ತಳ ಹಿಡಿಯುತ್ತದೆ, ಮರದ ಸೌಟಿನಿಂದ ತಳ ಕೆರೆಯುತ್ತಲೇ ಇರಬೇಕು. ಉಪ್ಪು, ಮೆಣಸು, ಎರಡು ಚಮಚ ವೂಸ್ಟರ್ ಸಾಸ್, ಸ್ವಲ್ಪ ವಿನೆಗರ್.

ಬರ್ಗೂ ಮರುದಿನಕ್ಕೆ ರುಚಿ ಹೆಚ್ಚುವ ಅಡುಗೆ. ಆದರೆ ಇಡೀ ಪಾತ್ರೆಯನ್ನು ಹಾಗೇ ಮುಚ್ಚಿ ರಾತ್ರಿ ಬಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇದ್ದು ಬೆಳಿಗ್ಗೆ ಹುಳಿತಿರುತ್ತದೆ. ಅಗಲವಾದ, ಎರಡು ಅಂಗುಲಕ್ಕಿಂತ ಆಳವಿಲ್ಲದ ಪಾತ್ರೆಗಳಿಗೆ ಹಂಚಿ, ತಣ್ಣೀರಿನಲ್ಲಿಟ್ಟು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ ಸೇರಿಸಿ. ಶನಿವಾರ ಚೆನ್ನಾಗಿ ಕುದಿಸಿ ಸಣ್ಣ ಉರಿಯಲ್ಲಿಟ್ಟರೆ ಬೇಕಾದವರು ಬಡಿಸಿಕೊಳ್ಳುತ್ತಾರೆ.

ಬಿಸ್ಕಿಟ್ ಎಂದರೆ ಇಲ್ಲಿ ಮೆತ್ತನೆಯ, ಪದರ ಪದರವಾದ ಉಪ್ಪು ಬನ್ನು. ಅದರೊಳಗೆ ಉಪ್ಪು ಹಾಕಿ ತಿಂಗಳುಗಟ್ಟಲೆ ಹದಗೊಳಿಸಿದ ಕಂಟ್ರಿ ಹ್ಯಾಮ್ ಇಡುತ್ತಾರೆ, ಕಾಗದದಷ್ಟು ತೆಳ್ಳಗೆ, ಏಕೆಂದರೆ ಉಪ್ಪು ಬಹಳ. 250 ಗ್ರಾಂ ಮೈದಾ, ಒಂದು ದೊಡ್ಡ ಚಮಚ ಬೇಕಿಂಗ್ ಪೌಡರ್, ಕಾಲು ಸಣ್ಣ ಚಮಚ ಸೋಡಾ, ಅರ್ಧ ಸಣ್ಣ ಚಮಚ ಉಪ್ಪು, 85 ಗ್ರಾಂ ಫ್ರಿಜ್‌ನಿಂದ ಆಗಷ್ಟೇ ತೆಗೆದ ಬೆಣ್ಣೆ, 180 ಮಿ.ಲೀ. ಮಜ್ಜಿಗೆ. ಅಲ್ಲಿನ ಮಜ್ಜಿಗೆ ನಮ್ಮದರಂತೆ ನೀರಾಗಿರುವುದಿಲ್ಲ. ಮೂರು ಪಾಲು ಮೊಸರಿಗೆ ಒಂದು ಪಾಲು ನೀರು ಬೆರೆಸಿಕೊಳ್ಳಿ. ಬೆಣ್ಣೆ ಕೈಬಿಸಿಗೆ ಕರಗಿದರೆ ಪದರ ಬರುವುದಿಲ್ಲ. ಹಿಟ್ಟನ್ನು ನಾದದೆ, ಮೂರು-ನಾಲ್ಕು ಸಲ ಮಡಿಸಿ, ಕಾಲಿಂಚಿಗಿಂತ ದಪ್ಪವಾಗಿ, ಸುಮಾರು ಮುಕ್ಕಾಲು ಇಂಚಿಗೆ ತಟ್ಟಿ, ಅಚ್ಚನ್ನು ನೇರ ಕೆಳಗೆ ಒತ್ತಿ ಎತ್ತಿ. ಅಚ್ಚನ್ನು ತಿರುಗಿಸಿದರೆ ಅಂಚು ಮುಚ್ಚಿಕೊಂಡು ಬಿಸ್ಕಿಟ್ ಒಂದೇ ಕಡೆಗೆ ವಾಲಿ ಉಬ್ಬುತ್ತದೆ. 220 ಡಿಗ್ರಿ ಸೆಲ್ಸಿಯಸ್, ಹನ್ನೆರಡರಿಂದ ಹದಿನೈದು ನಿಮಿಷ. ಸಣ್ಣ ಅಚ್ಚಿನಲ್ಲಿ ಹದಿನೈದರಷ್ಟು ಬರುತ್ತವೆ, ಹನ್ನೆರಡು ಜನರಿಗೆ ಎರಡು ಸಲ ಮಾಡಬೇಕು. ಹ್ಯಾಮ್ ತಿನ್ನದವರಿಗೆ ಒಳಗೆ ಪಿಮೆಂಟೊ ಚೀಸ್: ತುರಿದ ತೀಕ್ಷ್ಣ ರುಚಿಯ ಚೆಡಾರ್, ಮಯೊನೀಸ್, ಚರ್ಮ ಸುಲಿದ ಕೆಂಪು ದಪ್ಪಮೆಣಸಿನಕಾಯಿ ಚೂರು.

ಇನ್ನು ಸಿಹಿ. ನಿಮ್ಮ ಪುಟ ‘ಅಸಲಿ ಡರ್ಬಿ ಪೈ’ ಎಂದು ಒಂದು ಪಾಕವಿಧಾನ ಕೊಟ್ಟಿತ್ತು. ಡರ್ಬಿ ಪೈ ಕರ್ನ್ಸ್ ಕಿಚನ್ ಎಂಬ ಕುಟುಂಬ ಸಂಸ್ಥೆಯ ನೋಂದಾಯಿತ ಹೆಸರು, ಅದರ ಪಾಕ ಗುಟ್ಟು. ಬೇರೆ ಯಾರು ಮಾಡಿದರೂ ಅದು ಚಾಕೊಲೇಟ್-ಅಕ್ರೋಟು ಪೈ. ನೀವೂ ಹಾಗೆಯೇ ಕರೆದರೆ ಸರಿ. ಹಿಟ್ಟಿನ ಹಾಳೆ ಹಾಸಿದ 23 ಸೆಂ.ಮೀ. ಪೈ ತಟ್ಟೆಗೆ ಎರಡು ಮೊಟ್ಟೆ, 200 ಗ್ರಾಂ ಸಕ್ಕರೆ, 60 ಗ್ರಾಂ ಮೈದಾ, ಕರಗಿಸಿದ 115 ಗ್ರಾಂ ಬೆಣ್ಣೆ, 170 ಗ್ರಾಂ ಚಾಕೊಲೇಟ್ ಚೂರು, 110 ಗ್ರಾಂ ಹುರಿದ ಅಕ್ರೋಟು, 30 ಮಿ.ಲೀ. ಬರ್ಬನ್, ಚಿಟಿಕೆ ಉಪ್ಪು. ಬೆಣ್ಣೆ ಪೂರ್ತಿ ಆರಿರಬೇಕು, ಬಿಸಿಯಿದ್ದರೆ ಮೊಟ್ಟೆ ಗಂಟಾಗಿ ಚಾಕೊಲೇಟ್ ಕರಗಿ ಎಲ್ಲ ಒಂದೇ ಕಂದು ಮುದ್ದೆ. 175 ಡಿಗ್ರಿಯಲ್ಲಿ 40ರಿಂದ 45 ನಿಮಿಷ, ಓವನ್‌ನ ಕೆಳಗಿನ ಹಲಗೆಯಲ್ಲಿ, ಮೊದಲೇ ಕಾದ ತಟ್ಟೆಯ ಮೇಲೆ. ಇಲ್ಲದಿದ್ದರೆ ತಳ ಹಸಿಯಾಗಿ ಉಳಿಯುತ್ತದೆ. ನಡುವೆ ಸ್ವಲ್ಪ ಅಲುಗಾಡುವಾಗಲೇ ಹೊರತೆಗೆದು ನಾಲ್ಕು ಗಂಟೆ ಮುಟ್ಟದೆ ಬಿಡಿ. ಬಿಸಿಯಲ್ಲಿ ಕತ್ತರಿಸಿದರೆ ಹರಿದುಹೋಗುತ್ತದೆ. ಹನ್ನೆರಡು ಜನರಿಗೆ ಎರಡು ಪೈ ಬೇಕು. ಮೊಟ್ಟೆಯಿಲ್ಲದೆ ಇದು ಹೆಪ್ಪುಗಟ್ಟದು. ಮೊಟ್ಟೆ ಬೇಡದ ದೊಡ್ಡವರಿಗೆ ಫ್ರಾಂಕ್‌ಫರ್ಟ್ ಎಂಬ ಕೆಂಟಕಿಯದೇ ಪಟ್ಟಣದ ಬರ್ಬನ್ ಬಾಲ್ ಎಂಬ ಸಿಹಿ ಉಂಡೆ ಸರಿ, ಆದರೆ ಅದನ್ನು ಬೇಯಿಸುವುದಿಲ್ಲ, ಮದ್ಯ ಹಾಗೆಯೇ ಉಳಿದಿರುತ್ತದೆ. ಮಕ್ಕಳ ಕೈಗೆಟುಕದಂತೆ ಬೇರೆ ತಟ್ಟೆಯಲ್ಲಿಡಿ. ಪೈಯಲ್ಲೂ ಮದ್ಯ ಪೂರ್ತಿ ಆವಿಯಾಗಿರುವುದಿಲ್ಲ ಎಂದು ಅತಿಥಿಗಳಿಗೆ ಮೊದಲೇ ಹೇಳುವುದು ನ್ಯಾಯ.

ಹಾಟ್ ಬ್ರೌನ್ ಹುಟ್ಟಿದ್ದು 1926ರಲ್ಲಿ, ಲೂಯಿವಿಲ್‌ನ ಬ್ರೌನ್ ಹೋಟೆಲ್‌ನಲ್ಲಿ. ಅಲ್ಲಿನ ಬಾಣಸಿಗ ಫ್ರೆಡ್ ಶ್ಮಿಟ್ ತಡರಾತ್ರಿ ನೃತ್ಯ ಮುಗಿಸಿ ಹಸಿದು ಬರುವವರಿಗೆಂದು ಮಾಡಿದ್ದು. ಸುಟ್ಟ ಬ್ರೆಡ್ ಮೇಲೆ ಟರ್ಕಿ ಮಾಂಸ, ಟೊಮೆಟೊ, ಚೀಸ್ ಸಾಸ್, ಮೇಲೆ ಬೇಕನ್. ಸಾಸ್‌ಗೆ 120 ಗ್ರಾಂ ಬೆಣ್ಣೆಯಲ್ಲಿ 120 ಗ್ರಾಂ ಮೈದಾವನ್ನು ಬಣ್ಣ ಬದಲಾಗದಂತೆ ಎರಡು ನಿಮಿಷ ಹುರಿದು, ಅರ್ಧ ಲೀಟರ್ ಹಾಲು, ಅರ್ಧ ಲೀಟರ್ ಕ್ರೀಮನ್ನು ಸ್ವಲ್ಪ ಸ್ವಲ್ಪವೇ ಹೊಯ್ಯುತ್ತಾ ಕಲಕಿ, ಕುದಿಸಿ ಗಟ್ಟಿಯಾದ ಮೇಲೆ ಉರಿಯಿಂದ ಇಳಿಸಿ, ಆಮೇಲೆ 100 ಗ್ರಾಂ ಪೆಕೊರಿನೊ ಎಂಬ ಕುರಿ ಹಾಲಿನ ಚೀಸ್, ಉಪ್ಪು, ಮೆಣಸು, ಚಿಟಿಕೆ ಜಾಯಿಕಾಯಿ. ಕುದಿಯುವಾಗಲೇ ಚೀಸ್ ಹಾಕಿದರೆ ಅದು ಬಿಗಿದು ಎಣ್ಣೆ ಬಿಟ್ಟು ತರಿತರಿಯಾಗುತ್ತದೆ. ಸಾಸ್ ಬೆಳಿಗ್ಗೆಯೇ ಮಾಡಿ, ಮೇಲೆ ಕೆನೆಗಟ್ಟದಂತೆ ಬೆಣ್ಣೆಕಾಗದ ಅಂಟಿಸಿ ಫ್ರಿಜ್‌ನಲ್ಲಿಟ್ಟು, ಸಂಜೆ ಸಣ್ಣ ಉರಿಯಲ್ಲಿ ಬಿಸಿ ಮಾಡಬಹುದು. ಬ್ರೆಡ್ ಚೆನ್ನಾಗಿ ಗರಿಯಾಗಿರಲಿ. ಜೋಡಿಸಿದ ತಟ್ಟೆ ಓವನ್‌ನ ಮೇಲುರಿಗೆ ಹೋದರೆ ನಾಲ್ಕು ನಿಮಿಷದ ಕೆಲಸ. ಬೇಕನ್ ಅದಕ್ಕೂ ಮುಂಚೆ ಬೇರೆಯಾಗಿ ಹುರಿದಿರಬೇಕು.

ಸಸ್ಯಾಹಾರಿಗಳಿಗೆ ಟರ್ಕಿ ಬದಲು ದಪ್ಪ ಅಣಬೆಯನ್ನು ನೀರು ಆರುವವರೆಗೆ ಹುರಿದಿಡಿ. ಪೆಕೊರಿನೊ ಚೀಸ್‌ಗೆ ಹಾಲು ಒಡೆಸಲು ಕುರಿಮರಿಯ ಹೊಟ್ಟೆಯ ಕಿಣ್ವ ಬಳಸುತ್ತಾರೆ, ಅದರ ಜಾಗಕ್ಕೆ ಹಸಿರು ಚುಕ್ಕೆಯ ಚೆಡಾರ್ ತನ್ನಿ. ವೂಸ್ಟರ್ ಸಾಸ್‌ನಲ್ಲಿ ಮೀನಿದೆ. ಅಮೆರಿಕದ ಸಿದ್ಧ ಪೈ ಹಾಳೆಗಳಲ್ಲಿ ಕೆಲವಕ್ಕೆ ಹಂದಿ ಕೊಬ್ಬು ಹಾಕಿರುತ್ತಾರೆ. ನಿಮ್ಮ ಪುಟ ‘ಸಸ್ಯಾಹಾರಿ’ ಎಂದು ಗುರುತಿಸಿದ್ದ ಎರಡು ತಿಂಡಿಗಳಲ್ಲಿ ವೂಸ್ಟರ್ ಸಾಸ್ ಇತ್ತು, ದಯವಿಟ್ಟು ತಿದ್ದುಪಡಿ ಹಾಕಿ. ಲೂಯಿವಿಲ್‌ನ ಪೆಂಡೆನಿಸ್ ಕ್ಲಬ್‌ನ ಮುಖ್ಯ ಪರಿಚಾರಕರಾಗಿದ್ದ ಹೆನ್ರಿ ಬೇನ್ ಅವರ ಹೆಸರಿನ ಸಾಸ್‌ನಲ್ಲೂ ವೂಸ್ಟರ್ ಸಾಸ್ ಇದೆ. ನಮ್ಮ ಕಡೆಯಿಂದ ಬ್ರಿಟಿಷರ ಮೂಲಕ ಹೋದ ಸಿಹಿ ಮಾವಿನಕಾಯಿ ಚಟ್ನಿಯೇ ಆ ಸಾಸ್‌ನ ಜೀವಾಳ. ಅದನ್ನು ಮಾಡುವವರಿಗೆ ಒಂದು ಎಚ್ಚರಿಕೆ: ಅದರಲ್ಲಿ ಬರುವ ‘ಚಿಲ್ಲಿ ಸಾಸ್’ ಅಮೆರಿಕದ ಸಿಹಿ ಟೊಮೆಟೊ ಸಾಸ್. ನಮ್ಮ ಅಂಗಡಿಯ ಕೆಂಪು ಚಿಲ್ಲಿ ಸಾಸ್ ಸುರಿದರೆ ಬಾಯಿಗಿಡಲಾಗದು.

ಹೊತ್ತಿನ ಲೆಕ್ಕ ಹೀಗೆ. ಮೇ ಮೊದಲ ಶನಿವಾರ, ಲೂಯಿವಿಲ್ ಸಮಯ ಸಂಜೆ ಏಳಕ್ಕೆ ಕೆಲವು ನಿಮಿಷ ಮುಂಚೆ ಓಟ. ಗುರುವಾರ ಪಾಕ, ಶುಕ್ರವಾರ ಬರ್ಗೂ, ಪೈ, ಬೆನೆಡಿಕ್ಟೀನ್ ಮಿಶ್ರಣ, ಶನಿವಾರ ಮಧ್ಯಾಹ್ನ ಬಿಸ್ಕಿಟ್ ಮತ್ತು ಸ್ಯಾಂಡ್‌ವಿಚ್. ತಣ್ಣನೆಯ ತಿಂಡಿ ಮೇಜಿಗೆ ಬರುವುದು ಐದು ಗಂಟೆಗೆ, ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಆರೂಕಾಲಿಗೆ ಹಾಟ್ ಬ್ರೌನ್ ಓವನ್‌ಗೆ. ಆರೂವರೆಗೆ ಒಬ್ಬರು ಐಸ್ ಬಡಿಯಲಿ, ಇನ್ನೊಬ್ಬರು ಅಳೆಯಲಿ. ಕಹಳೆ ಊದಿ ಕುದುರೆಗಳು ಟ್ರ್ಯಾಕಿಗೆ ಇಳಿಯುವಷ್ಟರಲ್ಲಿ ಎಲ್ಲರ ಕೈಯಲ್ಲಿ ಲೋಟವಿರಬೇಕು.

ಕರ್ನಾಟಕದಲ್ಲಿ ಕುಳಿತು ನೋಡುವವರಿಗೆ ಅದು ಭಾನುವಾರ ನಸುಕಿನ ನಾಲ್ಕೂವರೆ. ಬರ್ಗೂ, ಜೂಲೆಪ್ ಎರಡನ್ನೂ ಬಿಟ್ಟು ಬೆಳಗಿನ ತಿಂಡಿಗೆ ಹೊಂದುವುದನ್ನು ಆರಿಸಿಕೊಳ್ಳಿ: ಬಿಸ್ಕಿಟ್, ಅಣಬೆಯ ಹಾಟ್ ಬ್ರೌನ್, ಚೀಸ್ ಗ್ರಿಟ್ಸ್. ಗ್ರಿಟ್ಸ್‌ಗೆ ಒಂದು ಪಾಲು ದಪ್ಪ ಮೆಕ್ಕೆಜೋಳದ ರವೆಗೆ ನಾಲ್ಕು ಪಾಲು ನೀರು, ಉಪ್ಪಿಟ್ಟಿಗೆ ಸುರಿಯುವಂತೆ ಕೈಯಾಡಿಸುತ್ತಲೇ ಸುರಿದು, ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಚೀಸ್, ಬೆಣ್ಣೆ ಇಳಿಸಿದ ಮೇಲೆ. ಇದನ್ನು ಶನಿವಾರ ರಾತ್ರಿಯೇ ಬೇಯಿಸಿ ಫ್ರಿಜ್‌ನಲ್ಲಿಟ್ಟರೆ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಮೂರೂಮುಕ್ಕಾಲಿಗೆ ಎದ್ದು ಒಂದು ಬಟ್ಟಲು ಬಿಸಿ ಹಾಲು ಹೊಯ್ದು ಮಸೆಯುತ್ತಾ ಬಿಸಿ ಮಾಡಿದರೆ ಮತ್ತೆ ಹದಕ್ಕೆ ಬರುತ್ತದೆ.

ಇಂತಿ,
ಕೆಂಟಕಿಯಲ್ಲಿ ನೆಲೆಸಿರುವ ಕೆಲವು ಕನ್ನಡಿಗರು
ಲೂಯಿವಿಲ್